ಬಿಂದಿಗೆ ಬಹುಮಾನ

ಹೋದ ತಿಂಗಳು ಊರಿಗೆ ಹೋಗಿದ್ದಾಗ ಮಗಳು ಅಡುಗೆಮನೆಯಿಂದ ಒಂದು ಸ್ಟೀಲ್ ಬಿಂದಿಗೆ ಉರುಳಿಸಿಕೊಂಡು ಬಂದಳು. "ಅಪ್ಪಾ, ಇದರ ಮೇಲೆ ನಿನ್ನ ಹೆಸರಿದೆ. ಪಕ್ಕದಲ್ಲಿ ದ್ವಿತೀಯ ಅಂತ ಯಾಕೆ ಬರೆದಿದ್ದಾರೆ?"

ನಾನು ಎದೆ ಉಬ್ಬಿಸಿ, "ನಾನು ಓಟಗಾರ ಆಗಿದ್ದೆ ಪುಟ್ಟಿ" ಅಂದೆ. ಅವಳು ನನ್ನ ಹೊಟ್ಟೆ ನೋಡಿದಳು. ಆಮೇಲೆ ಬಿಂದಿಗೆ ನೋಡಿದಳು. ಎರಡರ ಆಕಾರವೂ ಒಂದೇ ಥರ ಇತ್ತಲ್ಲ, ಅದಕ್ಕೆ ನಂಬಿದಳೋ ಏನೋ. ಮತ್ತೆ ಏನೂ ಕೇಳಲಿಲ್ಲ.

ನಿಜವಾಗಲೂ ಓಡುತ್ತಿದ್ದೆ. ನೂರು ಮೀಟರ್ ಥರದ್ದಲ್ಲ. ಅದೆಲ್ಲ ನೋಡುವಷ್ಟರಲ್ಲಿ ಮುಗಿದುಹೋಗುತ್ತದೆ, ತಪ್ಪು ಮಾಡಲೂ ಪುರಸೊತ್ತು ಸಿಗುವುದಿಲ್ಲ. ನನ್ನದು ಐದು ಸಾವಿರ ಮೀಟರ್, ಹತ್ತು ಸಾವಿರ ಮೀಟರ್, ಗುಡ್ಡಗಾಡು ಓಟ. ಬೇಸಿಗೆ ಬಂದರೆ ರೋಡ್ ರೇಸ್. 1998ರಿಂದ 2009ರವರೆಗೆ ಹನ್ನೆರಡು ಬೇಸಿಗೆ ಮಂಡ್ಯ, ಮೈಸೂರು, ಹಾಸನದ ರಸ್ತೆಗಳಲ್ಲಿ ಉಸಿರು ಬಿಟ್ಟಿದ್ದೇನೆ. ನಮ್ಮ ಕಡೆ ಯುಗಾದಿ ಕಳೆದ ಮೇಲೆ ಊರೂರಲ್ಲೂ ಹಬ್ಬ. ಹಬ್ಬ ಅಂದಮೇಲೆ ಯುವಕರ ಸಂಘದವರು ಏನಾದರೂ ಮಾಡಲೇಬೇಕು. ಕಬಡ್ಡಿಗೆ ಮಣ್ಣು ಹದ ಮಾಡಬೇಕು, ವಾಲಿಬಾಲ್‌ಗೆ ನೆಟ್ ಬೇಕು. ರೋಡ್ ರೇಸ್‌ಗೆ ಒಂದು ರೋಡು, ಒಂದು ಬಾವುಟ ಸಾಕು.

ಈ ಓಟಗಳ ಬಹುಮಾನದ ಲೆಕ್ಕವೇ ವಿಚಿತ್ರ. ಮೊದಲನೆಯವನಿಗೆ ಕಪ್. ಎರಡಡಿ ಎತ್ತರ, ಚಿನ್ನದ ಬಣ್ಣ, ಒಳಗೆಲ್ಲ ಟೊಳ್ಳು. ಎರಡನೆಯವನಿಗೆ ಸ್ಟೀಲ್ ಬಿಂದಿಗೆ. ಮೂರನೆಯವನಿಗೆ ಟಿಫಿನ್ ಕ್ಯಾರಿಯರ್. ನಾಲ್ಕನೆಯವನಿಗೆ ಚಪ್ಪಾಳೆ.

ನಮ್ಮವ್ವ ಈ ಪಟ್ಟಿಯನ್ನು ಒಂದು ಸಲ ಕೇಳಿಸಿಕೊಂಡು ತೀರ್ಪು ಕೊಟ್ಟುಬಿಟ್ಟಳು. "ಆ ಕಪ್ಪಲ್ಲಿ ನೀರಿಡಕ್ಕಾಯ್ತದಾ? ಅಕ್ಕಿ ಹಾಕಕ್ಕಾಯ್ತದಾ? ಸುಮ್ನೆ ಧೂಳು ಕೂರ್ತದೆ. ನೀ ಎರಡನೇವ್ನಾಗಿ ಬಾ ಮಗ."

ನನಗೆ ಓಟ ಕಲಿಸಿದ ಪಿಟಿ ಮೇಷ್ಟ್ರಿಗೆ ಕಪ್ ಬೇಕು. ಅವ್ವನಿಗೆ ಬಿಂದಿಗೆ ಬೇಕು. ನಾನು ಹೆಚ್ಚಾಗಿ ನಾಲ್ಕನೆಯವನಾಗಿ ಬಂದು ಇಬ್ಬರಿಗೂ ಸಮನಾಗಿ ನಿರಾಸೆ ಮಾಡುತ್ತಿದ್ದೆ.

ಮೊದಲ ಬೇಸಿಗೆ ಓಡಿದ್ದು ಬರಿಗಾಲಲ್ಲಿ. ಶೂ ಇರಲಿಲ್ಲ ಅಂತ ಮೇಷ್ಟ್ರ ಹತ್ತಿರ ಹೇಳಿಕೊಂಡರೆ ಅವರು ಶಿವನಾಥ್ ಸಿಂಗ್ ಕಥೆ ಶುರು ಮಾಡಿದರು. ಕಾಲಿಗೆ ಬರೀ ಟೇಪ್ ಸುತ್ತಿಕೊಂಡು ಓಡುತ್ತಿದ್ದ ಮನುಷ್ಯ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೆಯವರಾಗಿ ಬಂದವರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದವರು. ನಲವತ್ತು ವರ್ಷ ಕಳೆದರೂ ನಮ್ಮ ದೇಶದಲ್ಲಿ ಯಾರೂ ಆ ದಾಖಲೆ ಮುರಿಯಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಶೂ ಕೇಳುವುದಕ್ಕೆ ನಾಚಿಕೆಯಾಯಿತು.

ಆದರೆ ಕರಪತ್ರದಲ್ಲಿ "ಬೆಳಿಗ್ಗೆ 7 ಗಂಟೆಗೆ" ಅಂತ ಹಾಕಿದ್ದ ಓಟ ಶುರುವಾಗುವುದು ಮುಖ್ಯ ಅತಿಥಿಗಳು ಬಂದ ಮೇಲೆ. ಅತಿಥಿಗಳಿಗೆ ದಾರಿಯಲ್ಲಿ ಎರಡು ಮದುವೆ, ಒಂದು ನಾಮಕರಣ. ನಾವು ಮೂರು ಸಲ ವಾರ್ಮ್ ಅಪ್ ಮಾಡಿ, ಓಟಕ್ಕೆ ಮುಂಚೆಯೇ ಅರ್ಧ ಓಟ ಓಡಿ ಮುಗಿಸಿದ್ದೆವು. ಹತ್ತೂವರೆಗೆ ಜೀಪು ಬಂತು. ಹಾರ, ಶಾಲು, ಭಾಷಣ. "ಕ್ರೀಡೆಯಲ್ಲಿ ಸೋಲು ಗೆಲುವು ಮುಖ್ಯವಲ್ಲ" ಅಂದರು. ಶಾಮಿಯಾನದ ಕೆಳಗೆ ನಿಂತು ಹೇಳುವುದು ಸುಲಭ. ಬಾವುಟ ಬೀಸುವ ಹೊತ್ತಿಗೆ ಡಾಂಬರು ಅಲ್ಲಲ್ಲಿ ಮೆತ್ತಗಾಗಿತ್ತು. ನಾನು ಮೊದಲ ಒಂದು ಕಿಲೋಮೀಟರ್ ಬಹಳ ವೇಗವಾಗಿ ಓಡಿದೆ. ನೋಡಿದವರೆಲ್ಲ ಹುಡುಗ ಭಾರೀ ಅಂದುಕೊಂಡರು. ಕಾಲು ನೆಲದ ಮೇಲಿಡುವುದಕ್ಕೆ ಆಗುತ್ತಿರಲಿಲ್ಲ, ಅಷ್ಟೇ. ಆಮೇಲೆ ರಸ್ತೆ ನಡುವೆ ಬಳಿದಿದ್ದ ಬಿಳಿ ಪಟ್ಟೆ ಸ್ವಲ್ಪ ತಣ್ಣಗಿದೆ ಅಂತ ಕಂಡುಹಿಡಿದೆ. ಪಟ್ಟೆ ಸಾಲಾಗಿ ಇರುವುದಿಲ್ಲವಲ್ಲ, ಬಿಟ್ಟು ಬಿಟ್ಟು ಇರುತ್ತದೆ. ಹಾಗಾಗಿ ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋದೆ. ಎದುರಿಗೆ ಬಂದ ಲಾರಿ ಡ್ರೈವರ್ ನಿಲ್ಲಿಸಿ, "ಏನ್ಲಾ, ಕುಂಟೆಬಿಲ್ಲೆನಾ?" ಅಂತ ಕೇಳಿದ.

ಅದರ ಮುಂದಿನ ವರ್ಷ ಶೂ ಬಂತು. ದೊಡ್ಡಪ್ಪನ ಮಗನದು, ನನಗೆ ಎರಡು ಸೈಜ್ ದೊಡ್ಡದು. ಅದರ ವಿಷಯ ಬಿಡಿ. ಒಂದು ಶೂ ನನಗಿಂತ ಮುಂಚೆ ಗೆರೆ ದಾಟಿತು ಅಂದರೆ ಸಾಕು.

2001ರ ಸಂಗತಿ ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಐದು ಸಾವಿರ ಮೀಟರ್ ಓಟ. ಸ್ಟೇಡಿಯಂನ 400 ಮೀಟರ್ ಟ್ರ್ಯಾಕ್‌ನಲ್ಲಾದರೆ ಹನ್ನೆರಡೂವರೆ ಸುತ್ತು. ನಮ್ಮದು ಹೈಸ್ಕೂಲು ಮೈದಾನ, ಸುಣ್ಣದ ಗೆರೆ ಎಳೆದ 200 ಮೀಟರ್ ಸುತ್ತು. ಅಂದರೆ ಇಪ್ಪತ್ತೈದು ಸುತ್ತು. ಬಿಸಿಲಲ್ಲಿ ಹತ್ತು ಸುತ್ತು ಆದಮೇಲೆ ಲೆಕ್ಕ ಯಾರಿಗೆ ನೆನಪಿರುತ್ತದೆ? ಅದಕ್ಕೇ ಕೊನೇ ಸುತ್ತಿಗೆ ಗಂಟೆ ಹೊಡೆಯುವುದು. ಗಂಟೆ ಕೇಳಿದರೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಬೇಕು ಅಂತ ಮೇಷ್ಟ್ರು ಮೂರು ವರ್ಷದಿಂದ ತಲೆಗೆ ತುಂಬಿದ್ದರು.

ಮೂರನೇ ಸ್ಥಾನದಲ್ಲಿ ಹಾಯಾಗಿ ಹೋಗುತ್ತಿದ್ದೆ. ಟಿಣ್ ಟಿಣ್ ಟಿಣ್ ಅಂತ ಗಂಟೆ ಕೇಳಿತು. ಬಾಣದ ಹಾಗೆ ಚಿಮ್ಮಿದೆ. ಮುಂದಿದ್ದ ಇಬ್ಬರನ್ನೂ ದಾಟಿದೆ. ಅವರು ಕಣ್ಣು ಕಣ್ಣು ಬಿಟ್ಟು ನೋಡಿದರು. ಎರಡೂ ಕೈ ಮೇಲೆತ್ತಿ ಗೆರೆ ದಾಟಿ, ಸಿನಿಮಾದಲ್ಲಿ ಬೀಳುವ ಹಾಗೆ ಮೊಣಕಾಲೂರಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗಾತ ಮಲಗಿದೆ. ಮೇಷ್ಟ್ರ ಮುಖ ನನ್ನ ಮುಖದ ಮೇಲೆ ಬಂತು.

"ಎದ್ದೇಳೋ! ಇನ್ನೂ ನಾಕು ಸುತ್ತು ಅದೆ!"

"ಗಂಟೆ ಹೊಡೆದ್ರಲ್ಲ ಸಾರ್?"

ಮೇಷ್ಟ್ರು ಬೇಲಿ ಕಡೆ ಬೆರಳು ತೋರಿಸಿದರು. ಅಲ್ಲಿ ಐಸ್‌ಕ್ಯಾಂಡಿಯವನು ಸೈಕಲ್ ನಿಲ್ಲಿಸಿಕೊಂಡು, ನನ್ನನ್ನೇ ನೋಡುತ್ತಾ, ಇನ್ನೊಂದು ಸಲ ಗಂಟೆ ಅಲ್ಲಾಡಿಸಿದ. ಅವನದೇನೂ ತಪ್ಪಿಲ್ಲ. ಅವನ ವ್ಯಾಪಾರ ಅವನದು. ನಾನು ಎದ್ದು ಉಳಿದ ನಾಲ್ಕು ಸುತ್ತನ್ನು ಮದುವೆ ದಿಬ್ಬಣದ ವೇಗದಲ್ಲಿ ಮುಗಿಸಿದೆ. ನಾಲ್ಕನೆಯವನು. ಆಮೇಲೆ ಅವನ ಹತ್ತಿರವೇ ಹೋಗಿ ಒಂದು ಕ್ಯಾಂಡಿ ತಿಂದೆ. ದುಡ್ಡು ಪೂರಾ ತಗೊಂಡ.

ಬಿಸಿಲಲ್ಲಿ ಓಡುವುದಕ್ಕೆ ಒಂದು ವಿಜ್ಞಾನ ಇದೆ. ನಮಗೆ ಅದು ಗೊತ್ತಾಗಿದ್ದು ತಡವಾಗಿ. ಬೆವರು ಬಂದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಮಂಡ್ಯದಲ್ಲಿ ಬೆವರು ಬೇಗ ಆರಿ ಮುಖದ ಮೇಲೆ ಉಪ್ಪು ಕೂರುತ್ತದೆ. ಒಂದು ವರ್ಷ ಉಡುಪಿಗೆ ಹೋಗಿ ಓಡಿದೆ. ಅಲ್ಲಿ ಗಾಳಿಯಲ್ಲೇ ಅಷ್ಟು ನೀರಿರುವಾಗ ಬೆವರು ಎಲ್ಲಿಗೆ ಹೋಗಬೇಕು? ಹೋಗಲಿಲ್ಲ, ನನ್ನ ಮೈ ಮೇಲೇ ಉಳಿಯಿತು. ಇನ್ನೊಂದು ವಿಷಯ. ಓಡುವಾಗ ರಕ್ತ ಕಾಲಿಗೆ ಬೇಕು, ಬಿಸಿಲಿದ್ದರೆ ಮೈ ತಣಿಸಲು ಚರ್ಮಕ್ಕೂ ಬೇಕು. ಪಾಪ, ಹೊಟ್ಟೆಯ ಪಾಲಿಗೆ ಬರುವುದು ಚೂರು ಪಾರು. ಹಾಗಾಗಿ ಓಡುವಾಗ ಒಳಗೆ ಹಾಕಿದ್ದು ಕರಗದೆ ಅಲ್ಲೇ ಕೂತು ಕುಲುಕುತ್ತದೆ.

ಇದು ಗೊತ್ತಿಲ್ಲದೆ 2002ರ ರಾಮನವಮಿ ದಿನ ಹತ್ತು ಕಿಲೋಮೀಟರ್ ಓಟಕ್ಕೆ ನಿಂತೆ. ಓಟದವರು ನೀರಿಗೆ ಅಂತ ಏನೂ ವ್ಯವಸ್ಥೆ ಮಾಡಿರಲಿಲ್ಲ. ಬೇಕಾಗೂ ಇರಲಿಲ್ಲ. ಬೀದಿಗೊಂದು ಚಪ್ಪರ, ಚಪ್ಪರಕ್ಕೊಂದು ಹಂಡೆ. ಮೂರನೇ ಕಿಲೋಮೀಟರ್‌ನಲ್ಲಿ ಪಾನಕ ಕುಡಿದೆ. ಬೆಲ್ಲ, ಏಲಕ್ಕಿ, ಮೆಣಸು. ಸ್ವರ್ಗ. ನಾಲ್ಕರಲ್ಲಿ ನೀರುಮಜ್ಜಿಗೆ. ಐದರಲ್ಲಿ ಮತ್ತೆ ಪಾನಕ. ಕೊಡುವವರು ಸುಮ್ಮನೆ ಕೊಡುವುದಿಲ್ಲ, ಬೇಡ ಅಂದರೆ "ರಾಮದೇವ್ರ ಪ್ರಸಾದ ಬ್ಯಾಡ ಅನ್ಬಾರ್ದು" ಅಂತಾರೆ. ಆರನೇ ಕಿಲೋಮೀಟರ್‌ನಲ್ಲಿ ಒಬ್ಬ ಅಜ್ಜಿ ರಸ್ತೆಗೇ ಬಂದು ಅಡ್ಡ ನಿಂತಳು. "ಅಯ್ಯೋ ಕೂಸೇ, ಹೊಟ್ಟೆ ಹಸ್ಕಂಡು ಎಲ್ಲಿಗೆ ಓಡ್ತಿದ್ದೀಯೇ? ಮನೇಲಿ ಏನಾದ್ರೂ ಆಯ್ತಾ?" ಓಟದ ಪಂದ್ಯ ಅಜ್ಜಿ ಅಂದೆ. ಅಜ್ಜಿ ನಂಬಲಿಲ್ಲ. ಕೈ ಹಿಡಿದು ಜಗುಲಿ ಮೇಲೆ ಕೂರಿಸಿ ಮುತ್ತುಗದೆಲೆ ತುಂಬ ಹೆಸರುಬೇಳೆ ಕೋಸಂಬರಿ ಇಟ್ಟಳು. ಎರಡು ತುತ್ತು ತಿಂದು ಎದ್ದರಾಯಿತು ಅಂದುಕೊಂಡೆ. ಎಲೆ ಖಾಲಿಯಾಯಿತು. ಎದ್ದು ಓಡಿದರೆ ಹೊಟ್ಟೆಯೊಳಗೆ ಮೊಸರು ಕಡೆಯುವ ಸದ್ದು. ಕೋಸಂಬರಿಯ ಹಸಿಮೆಣಸಿನಕಾಯಿ ಗಂಟಲಲ್ಲಿ ನಿಂತು ಬಿಕ್ಕಳಿಕೆ ಹತ್ತಿತು. ಎಂಟನೇ ಕಿಲೋಮೀಟರ್‌ನಲ್ಲಿ ಅರಳಿಕಟ್ಟೆ ಸಿಕ್ಕಿತು. ಸ್ವಲ್ಪ ಹೊತ್ತು ಒರಗಿದೆ. ಕಣ್ಣು ಬಿಟ್ಟಾಗ ಬಹುಮಾನ ವಿತರಣೆಯೂ ಮುಗಿದಿತ್ತು.

ನಾಚಿಕೆಯಿಂದ ಊರು ಬಿಡುವ ಹಾಗಾಗಿದ್ದಾಗ ಮೇಷ್ಟ್ರೇ ಸಮಾಧಾನ ಹೇಳಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಶಿಜೋ ಕನಕುರಿ ಅನ್ನುವವನು ಮ್ಯಾರಥಾನ್ ಓಡುತ್ತಿದ್ದನಂತೆ. ಅಲ್ಲೂ ಭಾರೀ ಬಿಸಿಲು. ಅರ್ಧ ದಾರಿ ದಾಟಿದ ಮೇಲೆ ಸುಸ್ತಾಗಿ ಒಂದು ಮನೆಯವರ ಹತ್ತಿರ ಹೋದ. ಅವರು ಹಣ್ಣಿನ ರಸ ಕೊಟ್ಟು ಸುಧಾರಿಸಿದರು. ಅಲ್ಲಿಂದ ಯಾರಿಗೂ ಹೇಳದೆ ಊರಿಗೆ ಹೊರಟುಹೋದ. ಸ್ವೀಡನ್‌ನವರು ಕಾಣೆಯಾದವರ ಪಟ್ಟಿಗೆ ಸೇರಿಸಿದರು. ಕೊನೆಗೆ 1967ರಲ್ಲಿ ಅವನನ್ನು ಕರೆಸಿ ಓಟ ಮುಗಿಸಿದರು. ಸಮಯ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡ್. ಆ 20.3 ಸೆಕೆಂಡ್ ಬರೆದುಕೊಂಡವನಿಗೆ ಕೈ ಮುಗಿಯಬೇಕು. ನನ್ನ ಆ ಹತ್ತು ಕಿಲೋಮೀಟರ್ ಇನ್ನೂ ಎರಡು ಬಾಕಿ ಇದೆ. ಅವಸರ ಏನಿಲ್ಲ.

2003ರಲ್ಲಿ ಬಿಂದಿಗೆ ಬಂತು. ಮಗಳು ಉರುಳಿಸಿಕೊಂಡು ಬಂದದ್ದು ಅದೇ. ಅವ್ವ ಮಾರನೇ ದಿನವೇ ಪಾತ್ರೆ ಅಂಗಡಿಗೆ ಹೋಗಿ ನನ್ನ ಹೆಸರು, ದ್ವಿತೀಯ, ಇಸವಿ ಎಲ್ಲ ಹಾಕಿಸಿದಳು. ಆ ಓಟದಲ್ಲಿ ಓಡಿದ್ದು ಒಟ್ಟು ಐದೇ ಜನ. ಅದನ್ನು ಹಾಕಿಸಲಿಲ್ಲ. ನೀರು ತರುವವರಿಗೆ ಬಿಂದಿಗೆ ಒಂದಿದ್ದರೆ ಸಾಲದು. ತಲೆ ಮೇಲೊಂದು, ಸೊಂಟದ ಮೇಲೊಂದು. "ಜೊತೆಗೆ ಇನ್ನೊಂದಾದ್ರೆ ಸಾಕು ಮಗ" ಅಂದಳು. ಆ ಇನ್ನೊಂದಕ್ಕಾಗಿ ಆರು ವರ್ಷ ಓಡಿದೆ.

ನಡುವೆ 2008ರ ಮೇ ತಿಂಗಳಲ್ಲಿ ಬೆಂಗಳೂರಿನ ದೊಡ್ಡ ಹತ್ತು ಕಿಲೋಮೀಟರ್ ಓಟ ಮೊದಲ ಸಲ ನಡೆಯಿತು. ಅದರಲ್ಲೂ ಓಡಿದೆ. ಎರಿಟ್ರಿಯಾದ ಜೆರ್ಸೆನಾಯ್ ಟಾಡೆಸೆ 28 ನಿಮಿಷದೊಳಗೆ ಮುಗಿಸಿ ಗೆದ್ದ. ನಾನು ಮುಗಿಸಿದ್ದು 34 ನಿಮಿಷಕ್ಕೆ. ಅಂದರೆ ಅವನು ಗೆದ್ದು ನೀರು ಕುಡಿಯುವಾಗ ನಾನು ಎಂಟನೇ ಕಿಲೋಮೀಟರ್ ಆಸುಪಾಸಿನಲ್ಲಿದ್ದೆ. ಬೆಂಗಳೂರಲ್ಲಿದ್ದ ಚಿಕ್ಕಪ್ಪ ನನ್ನ ಹೆಸರು ಬರೆದ ರಟ್ಟು ಹಿಡಿದು ರಸ್ತೆ ಬದಿ ನಿಂತಿದ್ದರು. ಮುಂದಿನ ನಾಲ್ಕೈದು ಜನ ಗಾಳಿ ಹಾಗೆ ಹೋದರು. ನಾನಿಲ್ಲ. "ಎಲ್ಲೋ ತಪ್ಪಿಸ್ಕೊಂಡ, ಓಟ ಮುಗೀತು" ಅಂತ ಹೋಟೆಲಿಗೆ ಹೋಗಿ ಇಡ್ಲಿ ವಡೆ ತಿಂದರು. ರಟ್ಟನ್ನು ಟೇಬಲ್ ಮೇಲೆ ಹಾಕಿ ಅದರ ಮೇಲೆ ಚಟ್ನಿ ಚೆಲ್ಲಿಕೊಂಡರು. ಊರಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು.

"ಗೆದ್ದ ಹುಡುಗನಿಗೆ ಏನ್ ಕೊಟ್ರಂತೆ?"

"ಡಾಲರ್ ಕೊಡ್ತಾರೆ ಅವ್ವ."

"ಎರಡನೇವ್ನಿಗೆ?"

"ಅವನಿಗೂ ಡಾಲರೇ."

ಅವ್ವನಿಗೆ ಆ ಓಟದ ಬಗ್ಗೆ ಇದ್ದ ಗೌರವ ಅಲ್ಲಿಗೆ ಮುಗಿಯಿತು.

2009, ನನ್ನ ಕೊನೇ ಬೇಸಿಗೆ. ಎಂಟು ಕಿಲೋಮೀಟರ್ ಓಟ. ಮೇಜಿನ ಮೇಲೆ ಬಹುಮಾನಗಳನ್ನು ಜೋಡಿಸಿದ್ದರು. ಬಿಂದಿಗೆ ನೋಡಿದೆ. ದಪ್ಪ ತಗಡು, ಒಳ್ಳೆ ಅಗಲ ಬಾಯಿ. ಪಾಂಡವಪುರದ ಕಡೆಯ ಒಬ್ಬ ಹುಡುಗ ಬಂದಿದ್ದ, ನನಗಿಂತ ಅರ್ಧ ನಿಮಿಷವಾದರೂ ವೇಗ. ಉಳಿದವರು ನನ್ನ ಹಿಂದೆ. ಇಷ್ಟು ಅಚ್ಚುಕಟ್ಟಾದ ಲೆಕ್ಕ ಜೀವನದಲ್ಲಿ ಒಂದೇ ಸಲ ಸಿಗುವುದು. ಎರಡನೇ ಸ್ಥಾನ ನನಗಾಗಿಯೇ ಹಾಸಿಟ್ಟಿತ್ತು.

ದಾರಿ ತೋರಿಸಲು ಮುಂದೆ ಒಂದು ಬೈಕ್ ಬಿಟ್ಟಿದ್ದರು. "ಬೈಕ್ ಹಿಂದೆ ಹೋಗಿ ಅಷ್ಟೇ" ಅಂತ ಮೈಕಿನಲ್ಲಿ ಮೂರು ಸಲ ಹೇಳಿದ್ದರು. ಆ ಬೈಕ್ ಬೆಳಗಿನಿಂದ ಶಾಮಿಯಾನ, ಹಾರ, ಅತಿಥಿ ಅಂತ ಸುತ್ತಿ ಸುತ್ತಿ ರಿಸರ್ವ್‌ಗೆ ಬಿದ್ದಿತ್ತು. ಆರನೇ ಕಿಲೋಮೀಟರ್‌ನಲ್ಲಿ ಎಡಕ್ಕೆ ಪೆಟ್ರೋಲ್ ಬಂಕ್. ಬೈಕ್ ಎಡಕ್ಕೆ ತಿರುಗಿತು. ಹುಡುಗನೂ ತಿರುಗಿದ. ನಾನು ಐವತ್ತು ಮೀಟರ್ ಹಿಂದಿದ್ದೆ, ಎಲ್ಲ ಕಾಣುತ್ತಿತ್ತು. ಬೈಕ್ ಪಂಪ್ ಮುಂದೆ ನಿಂತಿತು. ಹುಡುಗ ಅದರ ಹಿಂದೆ ನಿಂತಲ್ಲೇ ಕಾಲು ಕುಣಿಸುತ್ತಾ ನಿಂತ. ಬಂಕ್‌ನವನು ಪೈಪ್ ಹಿಡಿದುಕೊಂಡು ಅವನನ್ನೂ ಒಂದು ಸಲ ನೋಡಿ, "ಎಷ್ಟಕ್ಕೆ ಹಾಕ್ಲಿ?" ಅಂದ.

ಆಗ ನಾನು "ಲೋ, ಈ ಕಡೆ ಕಣೋ" ಅಂತ ಕೂಗಬೇಕಿತ್ತು. ಉಸಿರಿರಲಿಲ್ಲ ಅಂತ ಇಲ್ಲಿಯವರೆಗೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಡೆದು ಹೋಗಿ ಅವನಿಗೆ ದಾರಿ ಬಿಡೋಣ ಅಂದರೆ ಮೇಷ್ಟ್ರು ಸ್ಕೂಟರ್‌ನಲ್ಲಿ ನನ್ನ ಪಕ್ಕಕ್ಕೇ ಬಂದು "ಓಡೋ, ಓಡೋ" ಅಂತ ಬಡಿದುಕೊಳ್ಳುತ್ತಿದ್ದರು. ಓಡಿದೆ. ಹನ್ನೆರಡು ಬೇಸಿಗೆಯಲ್ಲಿ ಮೊದಲ ಸಲ ಮೊದಲನೆಯವನಾದೆ.

ಮೇಷ್ಟ್ರ ಕಣ್ಣಲ್ಲಿ ನೀರು. ನನ್ನ ಕೈಯಲ್ಲಿ ಕಪ್. ವೇದಿಕೆ ಇಳಿದ ಕೂಡಲೇ ಆ ಹುಡುಗನನ್ನು ಪಕ್ಕಕ್ಕೆ ಕರೆದೆ. "ನ್ಯಾಯವಾಗಿ ಕಪ್ ನಿಂದೇ ಕಣಪ್ಪ. ತಗೋ. ಬಿಂದಿಗೆ ನನಗೆ ಕೊಡು."

ಅವನು ಬಿಂದಿಗೆಯನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡ. "ಬ್ಯಾಡ ಅಣ್ಣ. ನಮ್ಮವ್ವನೂ ಬಿಂದಿಗೇನೇ ತಕ್ಕಬಾ ಅಂದವ್ಳೆ."

ಮಗಳಿಗೆ ಆ ಕಪ್ಪನ್ನೂ ತೋರಿಸೋಣ ಅಂತ ಮನೆಯೆಲ್ಲ ಹುಡುಕಿದೆ. ಅಟ್ಟದಲ್ಲಿಲ್ಲ, ಬೀರುವಿನಲ್ಲಿಲ್ಲ. ಕೊನೆಗೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಸಿಕ್ಕಿತು. ಒಂದು ಹಿಡಿ ಮುರಿದಿತ್ತು. ಒಳಗೆ ಒಲೆ ಬೂದಿ, ಮೇಲೊಂದು ಹಿಡಿ ತೆಂಗಿನ ನಾರು. ಅವ್ವ ಬಂದು ಅದರಿಂದ ಬೂದಿ ತೆಗೆದುಕೊಂಡು, ಮಗಳು ಮಣ್ಣು ಮಾಡಿದ್ದ ಬಿಂದಿಗೆಯನ್ನು ಉಜ್ಜಲು ಕೂತಳು.

"ಈ ದ್ವಿತೀಯ ಅನ್ನೋ ಅಕ್ಸರದ ಸಂದೀಲೇ ನೋಡು ಕೊಳೆ ಕೂರೋದು" ಅಂದಳು.