ನಾಲಿಗೆಗೆ ನಾಲ್ಕು ದಿನ ಬೀಗ

ಹೊಟ್ಟೆ ತುಂಬಿದಾಗ ಮಾಡುವ ಪ್ರತಿಜ್ಞೆಗಳಿಗೆ ಲೆಕ್ಕವೇ ಇಲ್ಲ. ನಾಳೆಯಿಂದ ಸಕ್ಕರೆ ಇಲ್ಲ, ಕರಿದದ್ದು ಇಲ್ಲ, ಹೊತ್ತಲ್ಲದ ಹೊತ್ತಲ್ಲಿ ತಿನ್ನೋದು ಇಲ್ಲ. ಹೇಳುವಾಗ ಬಾಯಲ್ಲಿ ಇನ್ನೂ ಸಿಹಿ ಉಳಿದಿರುತ್ತದೆ, ಹಾಗಾಗಿ ಧೈರ್ಯವೂ ಜಾಸ್ತಿ. ಈ ಧೈರ್ಯಕ್ಕೆ ಈಗ ಡಿಟಾಕ್ಸ್ ಅಂತ ಹೆಸರು. ಮೂರು ದಿನದ್ದು, ಐದು ದಿನದ್ದು, ವಾರದ್ದು, ಅವರವರ ಶಕ್ತಿಗೆ ತಕ್ಕಂತೆ. ಕೆಲವರದು ಬರೀ ಹಣ್ಣಿನ ರಸ, ಕೆಲವರದು ಬರೀ ತರಕಾರಿ ಸೂಪು. ಅಮೆರಿಕದ ಸ್ಟ್ಯಾನ್ಲಿ ಬರೋಸ್ ಎಂಬಾತ 1940ರ ದಶಕದಲ್ಲೇ ನಿಂಬೆರಸ, ಮೇಪಲ್ ಸಿರಪ್ ಮತ್ತು ಖಾರದ ಪುಡಿ ಬೆರೆಸಿದ ನೀರು ಕುಡಿದುಕೊಂಡು ಕಡಿಮೆಯೆಂದರೂ 10 ದಿನ ಇರಬೇಕು ಎಂದು ಹೇಳಿಕೊಟ್ಟ. ಹಾಗೆ ಇದ್ದವರಿಗಿಂತ ಅವರ ಜೊತೆ ಒಂದೇ ಮನೆಯಲ್ಲಿ ಇದ್ದವರ ಬಗ್ಗೆ ನನಗೆ ಕನಿಕರ.

ಒಳಗಿನ ಕೊಳೆ ತೊಳೆಯುವುದು ಇದರ ಉದ್ದೇಶವಂತೆ. ಯಾವ ಕೊಳೆ ಅಂತ ಕೇಳಿ ನೋಡಿ. ವಿಷ ಅನ್ನುತ್ತಾರೆ, ಅದರ ಹೆಸರು ಮಾತ್ರ ಹೇಳುವುದಿಲ್ಲ. ಇತ್ತ ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೋ ಎರಡೋ ಲೀಟರ್ ಹೊರಗೆ ಕಳಿಸಿ, ಉಳಿದದ್ದನ್ನು ರಕ್ತಕ್ಕೆ ವಾಪಸ್ ಸೇರಿಸುತ್ತವೆ. ಲಿವರ್ ತನ್ನ ಪಾಡಿಗೆ ತಾನು ಅಮೋನಿಯಾವನ್ನು ಯೂರಿಯಾ ಮಾಡಿ ಕಿಡ್ನಿಯ ಕಡೆ ದಾಟಿಸುತ್ತಿರುತ್ತದೆ. ಭಾನುವಾರವೂ ರಜೆ ಇಲ್ಲ. ಇಂಥವರ ಸಹಾಯಕ್ಕೆ ಒಂದು ಲೋಟ ಜ್ಯೂಸು ಬಂದು ನಿಂತರೆ ಅವರಿಗೆ ನಗು ಬರಬೇಕು, ಅಲ್ವಾ?

ತೂಕದ ಯಂತ್ರವೂ ಈ ಆಟದಲ್ಲಿ ಶಾಮೀಲು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು. ಊಟ ಕಡಿಮೆಯಾದಾಗ ದಾಸ್ತಾನು ಖರ್ಚಾಗುತ್ತದೆ, ನೀರೂ ಅದರ ಹಿಂದೆಯೇ ಹೊರಡುತ್ತದೆ. ಮುಳ್ಳು ಸರಸರ ಕೆಳಗಿಳಿಯುತ್ತದೆ, ನಾವು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಳ್ಳುತ್ತೇವೆ. ಹೊಟ್ಟೆ ತುಂಬ ಉಂಡ ಮೇಲೆ ಹೋದ ನೀರು ಹೇಳದೆ ಕೇಳದೆ ವಾಪಸ್.

ಹಾಗಂತ ಎಲ್ಲವೂ ಬೋಗಸ್ ಅನ್ನಲು ನನಗೆ ಮನಸ್ಸಿಲ್ಲ. ಹೊಟ್ಟೆಯ ಕೊಳೆ ತೊಳೆಯುತ್ತದೋ ಇಲ್ಲವೋ, ಕೈಯ ಕಳ್ಳತನವನ್ನಂತೂ ಇದು ಹಿಡಿದುಕೊಡುತ್ತದೆ. ಸಂಜೆ ನಾಲ್ಕರ ಹೊತ್ತು. ಫೋನಿನಲ್ಲಿ ಯಾರದೋ ಜೊತೆ ಮಾತಾಡುತ್ತಾ ಅಡುಗೆಮನೆಗೆ ಬಂದಿರುತ್ತೇನೆ. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈ ಸೇರಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿರುತ್ತವೆ. ಬಿಸ್ಕತ್ತು ತುಟಿಗೆ ತಾಗಿದಾಗ ವ್ರತ ನೆನಪಾಗುತ್ತದೆ. ಊಟವಾಗಿ ಹೆಚ್ಚು ಹೊತ್ತಾಗಿಲ್ಲ, ಹಸಿವೂ ಇಲ್ಲ. ವಾಪಸ್ ಇಟ್ಟು ಬಂದರೆ ಸ್ವಲ್ಪ ಹೊತ್ತಿಗೆಲ್ಲ ಫ್ರಿಜ್ ಬಾಗಿಲು ತೆಗೆದು ನಿಂತಿರುತ್ತೇನೆ. ಏನೂ ಬೇಕಿರಲಿಲ್ಲ, ಸುಮ್ನೆ. ಬೇಜಾರಿಗೆ, ಮುಗಿಸಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳಲು, ಯಾರದೋ ಮೇಲಿನ ಸಿಟ್ಟಿಗೆ, ಎಲ್ಲದಕ್ಕೂ ಬಾಯಾಡಿಸುವುದೇ ಮದ್ದು. ಬಾಯಿಗೆ ಬೀಗ ಬಿದ್ದಾಗಲೇ ಇದು ಕಣ್ಣಿಗೆ ಬೀಳುವುದು.

ಒಂದು ಕಿವಿಮಾತು. ಕಾಫಿಯನ್ನು ಇದಕ್ಕೆ ಎಳೆದು ತರಬೇಡಿ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು. ಆಗ ಪಕ್ಕದಲ್ಲಿದ್ದವರು, ನೋಡಿ, ವಿಷ ಹೊರಗೆ ಹೋಗ್ತಾ ಇದೆ ಅನ್ನುತ್ತಾರೆ. ಅದು ಕಾಫಿ ಸಿಗದ ತಲೆಯ ಗೋಳಾಟ, ಅಷ್ಟೇ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಗರ್ಭಿಣಿಯರು ಈ ಸಾಹಸದ ಗೊಡವೆಗೇ ಹೋಗಬಾರದು.

ಈಗ ನನ್ನದು ಸೋಮಾರಿಗಳ ಡಿಟಾಕ್ಸ್. ಹೊತ್ತು ಹೊತ್ತಿಗೆ ಊಟ ಇರುತ್ತದೆ. ಹಣ್ಣನ್ನು ಹಿಂಡಿ ನಾರು ಬಿಸಾಡುವ ಬದಲು ಹಾಗೇ ಕಚ್ಚಿ ತಿನ್ನುವುದು. ಬಿಡುವುದು ಮೇಲಿನಿಂದ ಹಾಕಿದ ಸಕ್ಕರೆ ಮತ್ತು ಪೊಟ್ಟಣದ ತಿಂಡಿ. ಇಷ್ಟಕ್ಕೇ ಅಂಗಡಿಯಲ್ಲಿ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಪ್ರತಿ ಬಾಟಲಿಯ ಹಿಂದಿನ ಇರುವೆಯಂಥ ಅಕ್ಷರಗಳನ್ನು ಓದಬೇಕಲ್ಲ! ಖಾರದ ಸಾಸಿನಲ್ಲೂ ಸಕ್ಕರೆ, ಬ್ರೆಡ್ಡಿನಲ್ಲೂ ಸಕ್ಕರೆ. ಅದೂ ಡೆಕ್ಸ್ಟ್ರೋಸ್, ಕಾರ್ನ್ ಸಿರಪ್ ಅಂತ ಹೆಸರು ಬದಲಿಸಿಕೊಂಡು. ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದು ಮಾಮೂಲಿ ಕ್ಯಾನ್ ಕೋಲಾ ಕುಡಿದರೆ ಅದು ಅಲ್ಲಿಗೇ ದಾಟಿತು. ಕೆಲವು ದಿನ ಹೀಗೆ ಕಳೆದ ಮೇಲೆ ಹಸಿ ಕ್ಯಾರೆಟ್ ಅಗಿದರೆ ಅದೂ ಸಿಹಿ ಅನಿಸುತ್ತದೆ. ಕ್ಯಾರೆಟ್ ಮೊದಲೂ ಹಾಗೇ ಇತ್ತು, ಪಾಪ.

ಕಷ್ಟ ಇರುವುದು ಬೀಗ ತೆಗೆಯುವ ದಿನ. ಗೆದ್ದ ಖುಷಿಗೆ ಅಂತ ಶುರುವಾದ ಊಟ ರಾತ್ರಿಯವರೆಗೂ ನಡೆಯುತ್ತದೆ. ಆರಂಭಶೂರರಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಕೆಟ್ಟ ಸುದ್ದಿ ಕೊಟ್ಟಿದ್ದಾರೆ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ಅಭ್ಯಾಸ ತಾನಾಗೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಬೇಕು ಅನ್ನುವ ಅಂದಾಜು. ನಾನು ಯಾವ ಗುಂಪಿನವನು ಅಂತ ಮನೆಯವರು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಅದಕ್ಕೇ ಬಿಸ್ಕತ್ತಿನ ಡಬ್ಬಿ ಈಗ ಎತ್ತರದ ಕಪಾಟಿನಲ್ಲಿದೆ. ಬೇಕೆಂದರೆ ಸ್ಟೂಲು ತಂದು ಹತ್ತಬೇಕು. ಸ್ಟೂಲು ಹುಡುಕುವಷ್ಟು ಹಸಿವಿದ್ದರೆ ಎರಡು ತಿನ್ನಬಹುದು ಅಂತ ಒಪ್ಪಂದವಾಗಿದೆ. ಸ್ಟೂಲು ಎಲ್ಲಿದೆ ಅಂತ ಮಾತ್ರ ಯಾರೂ ಹೇಳುತ್ತಿಲ್ಲ.