ಸೇಂಟ್ ಮೇರೀಸ್‌ನಲ್ಲಿ ಪಳೆಯುಳಿಕೆ ಸಿಗುವುದಿಲ್ಲ
ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಮಕ್ಕಳು ಗೈಡ್ ಜೊತೆ ಪಳೆಯುಳಿಕೆ ಹುಡುಕುವ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯ್ತು. ಆದರೆ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲೂ ಇದನ್ನು ಶುರುಮಾಡಬಹುದು ಎಂದಿದ್ದೀರಲ್ಲ, ಅದು ಆಗದ ಮಾತು. ಲೈಮ್ ರೀಜಿಸ್‌ನದು ಸಮುದ್ರದ ಕೆಸರು ಪದರಪದರವಾಗಿ ಗಟ್ಟಿಯಾದ ಕಲ್ಲು, ಅದಕ್ಕೇ ಅಲ್ಲಿ ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿಯ ಪಳೆಯುಳಿಕೆ ಸಿಗುತ್ತದೆ. ನಮ್ಮದು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ. ಅದರಲ್ಲಿ ಚಿಪ್ಪು ಉಳಿಯುವುದುಂಟಾ?

ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಗೈಡ್ ಕೂಡ ಬೇಕು. ದ್ವೀಪದಲ್ಲಿ ಕಂಬಗಳಂತೆ ನಿಂತ ಕಲ್ಲುಗಳ ತಲೆಯ ಮೇಲೆ ಬೆರಳಾಡಿಸಿ ಐದು ಮೂಲೆಯೋ ಆರೋ ಎಂದು ಎಣಿಸಲಿ. ಲಾವಾ ತಣಿದು ಕುಗ್ಗುವಾಗ ಬಿರಿದದ್ದು ಹಾಗೆ. ಸುತ್ತಿಗೆ ಮಾತ್ರ ಬೇಡವೇ ಬೇಡ, ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪಳೆಯುಳಿಕೆಯನ್ನೇ ತೋರಿಸಬೇಕೆಂದರೆ ತಮಿಳುನಾಡಿನ ಅರಿಯಲೂರು ಕಡೆಗೆ ಹೋಗಿ.