ಆಶ್ಚರ್ಯಸೂಚಕ ಹೋಗಿ ಪ್ಲಸ್ ಬಂತು

ಪೋಲೆಂಡ್‌ನಲ್ಲಿ ಒಂದು ಸಿನಿಮಾ ಚಾನೆಲ್ ಇದೆ, 1999ರಲ್ಲಿ ಶುರುವಾದಾಗ ಅದರ ಹೆಸರು ‘ಆಲೆ ಕಿನೊ!’. ಕೊನೇಲಿರೋ ಆಶ್ಚರ್ಯಸೂಚಕ ನಾನು ಹಾಕಿದ್ದಲ್ಲ ಮತ್ತೆ, ಹೆಸರಲ್ಲೇ ಇತ್ತು. ಪೋಲಿಷ್‌ನಲ್ಲಿ ಕಿನೊ ಅಂದ್ರೆ ಸಿನಿಮಾ, ಆಲೆ ಅಂದ್ರೆ ‘ಆದ್ರೆ’. ಆದ್ರೆ (ನೋಡಿ, ನಂಗೂ ಬಂತು) ಅದನ್ನೇ ಬಾಯಿ ತೆರೆದು ಉದ್ಗಾರದ ಥರ ಹೇಳಿದ್ರೆ ‘ಎಂಥಾ’ ಅಂತ ಆಗುತ್ತೆ. ಎಂಥಾ ಸಿನಿಮಾ ಮಾರಾಯ!

ಎಷ್ಟು ಚೆನ್ನಾಗಿದೆ ಅಲ್ವಾ ಹೆಸರು. ದೇಶವಿದೇಶದ ಒಳ್ಳೇ ಸಿನಿಮಾ ತೋರ್ಸೋ ಚಾನೆಲ್‌ಗೆ ಇದಕ್ಕಿಂತ ಏನು ಬೇಕು.

2011ರಲ್ಲಿ ಮಾಲೀಕರು, ಅಂದ್ರೆ ಕ್ಯಾನಲ್ ಪ್ಲಸ್‌ನವರು, ತಮ್ಮ ಮನೆ ಮಕ್ಕಳಿಗೆಲ್ಲ ಒಂದೇ ಬಟ್ಟೆ ಹೊಲಿಸ್ದಂಗೆ ಎಲ್ಲ ಚಾನೆಲ್ ಬಾಲಕ್ಕೂ ಪ್ಲಸ್ ಅಂಟಿಸಿದ್ರು. ಪುಟ್ಟ ಮಕ್ಕಳ ಮಿನಿಮಿನಿ ಮಿನಿಮಿನಿ+ ಆಯ್ತು, ಅಡುಗೆ ಚಾನೆಲ್ ಕುಖ್ನ್ಯಾ+ ಆಯ್ತು, ಝಿಗ್‌ಝಾಪ್ ಅಂತ ಇದ್ದಿದ್ದು ಹೆಸರೇ ಕಳ್ಕೊಂಡು ಟೆಲೆಟೂನ್+ ಆಯ್ತು. ನಮ್ಮ ಚಾನೆಲ್ ‘ಆಲೆ ಕಿನೊ+’. ಮಿನಿಮಿನಿಗೆ ಒಂದು ಚಿಹ್ನೆ ಸೇರ್ತು ಅಷ್ಟೇ, ಇದಕ್ಕೆ ಇದ್ದ ಚಿಹ್ನೆನ ಕಿತ್ತು ಇನ್ನೊಂದು ಇಟ್ರು, ಈಗ ಮುಖ ಗಂಟು ಹಾಕ್ಕೊಂಡು ಓದಿದ್ರೆ ‘ಆದ್ರೆ ಸಿನಿಮಾ ಪ್ಲಸ್’ ಅಂತಾಗುತ್ತೆ!

ವ್ಯಾಪಾರದ ಲೆಕ್ಕ ನಂಗೂ ಅರ್ಥ ಆಗುತ್ತೆ ಬಿಡಿ, ರಿಮೋಟ್ ಹಿಡಿದವರಿಗೆ ಇದು ಯಾರ ಮನೇದು ಅಂತ ತಟ್ಟಂತ ಗೊತ್ತಾಗ್ಬೇಕು. ತಮಾಷೆ ಏನಪ್ಪಾ ಅಂದ್ರೆ ಆ ಮನೆ ಹೆಸರೇ ನಿಲ್ಲಲಿಲ್ಲ. ಪೋಲೆಂಡ್‌ನಲ್ಲಿ ಅವರ ಡಿಶ್ ಸರ್ವೀಸ್ ಮೊದಲು ಸಿಫ್ರಾ+ ಆಗಿತ್ತು, 2013ರಲ್ಲಿ ‘ಎನ್’ ಅನ್ನೋ ಇನ್ನೊಂದು ಸರ್ವೀಸ್ ಜೊತೆ ಸೇರಿ ಎನ್‌ಸಿ+ ಆಯ್ತು, ಹೊಸ ಪ್ಯಾಕೇಜ್ ನೋಡಿ ಗ್ರಾಹಕರು ರೊಚ್ಚಿಗೆದ್ರು, 2019ರಲ್ಲಿ ಅದೂ ಹೋಗಿ ಪ್ಲಾಟ್‌ಫಾರ್ಮಾ ಕ್ಯಾನಲ್+. ಮನೆ ಬೋರ್ಡ್ ಬದಲಾಗ್ತಾನೇ ಇತ್ತು, ಬಾಡಿಗೆಗೆ ಬಂದ ಪ್ಲಸ್ ಮಾತ್ರ ಅಲ್ಲೇ ಕೂತಿತ್ತು.

ಚಾನೆಲ್ ಕೆಟ್ಟೋಯ್ತು ಅಂತ ನಾನು ಹೇಳ್ತಿಲ್ಲ. ಅಲ್ಲಿ ಟಿವೀಲಿ ವಿದೇಶಿ ಸಿನಿಮಾಗೆ ಡಬ್ಬಿಂಗ್ ಕಮ್ಮಿ, ‘ಲೆಕ್ಟೊರ್’ ಅಂತ ಒಬ್ಬನೇ ಗಂಡಸು ಹೀರೋ ಹೀರೋಯಿನ್ ಮಗು ಎಲ್ಲರ ಮಾತನ್ನೂ ಒಂದೇ ದನೀಲಿ, ವಾರ್ತೆ ಓದೋ ಥರ, ಓದ್ಕೊಂಡು ಹೋಗ್ತಾನೆ. ಅಂಥಾ ದೇಶದಲ್ಲಿ ಒಂದು ಚಾನೆಲ್ ಹೆಸರಾದ್ರೂ ಕೂಗಿ ಹೇಳೋ ಥರ ಇತ್ತಲ್ಲ ಅನ್ನೋದೇ ನನ್ನ ಸಂಕಟ.

ಪೊಜ್ನಾನ್ ಊರಲ್ಲಿ ಮಕ್ಕಳ ಸಿನಿಮಾ ಹಬ್ಬ ಒಂದಿದೆ, ಅದರ ಹೆಸರೂ ‘ಆಲೆ ಕಿನೊ!’. ಅದಕ್ಕೆ ಯಾರೂ ಪ್ಲಸ್ ಹಾಕಿಲ್ಲ.